ಮನೆಯ ನಷ್ಟಕ್ಕೆ ಹೊಣೆ ಯಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ್ದು ಅನುಭವದಿಂದ. ಒಂದು ಮನೆ ಎದ್ದು ನಿಲ್ಲುವ ಹೊತ್ತಿಗೆ ಒಂದು ಸಂಸಾರದ ಹತ್ತಿಪ್ಪತ್ತು ವರ್ಷಗಳ ದುಡಿಮೆ ಅದರ ಗೋಡೆಗಳೊಳಗೆ ಸೇರಿಹೋಗಿರುತ್ತದೆ. ಅದು ನೆಲಸಮವಾಗುವುದಕ್ಕಾದರೋ ಒಂದು ರಾತ್ರಿ ಸಾಕು. ಒಲೆಯ ಕಿಡಿ, ಸಿಡಿಲು, ಗಾಳಿಗೆ ಉರುಳಿದ ಮರ, ದಡ ಮೀರಿದ ಹೊಳೆ, ಇವುಗಳಲ್ಲಿ ಯಾವುದೊಂದು ಬಂದರೂ ಆಯಿತು. ಹೀಗೆ ಹೋದ ಮನೆಯನ್ನು ಮತ್ತೆ ನಿಲ್ಲಿಸಿಕೊಡುವ ಹೊಣೆ ಯಾರದು? ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಚರಿತ್ರೆಯನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಓದಿದರೆ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಮೊದಲನೆಯದು ನೆರೆಹೊರೆ, ಎರಡನೆಯದು ಅರಸು, ಮೂರನೆಯದು ಕರಾರು. ಇಂದು ನಾವು ಗೃಹವಿಮೆ ಎಂದು ಕರೆಯುವುದು ಈ ಮೂರನೆಯದನ್ನು.

ಮೊದಲು ಇಲ್ಲಿನ ಮನೆಯನ್ನು ನೋಡೋಣ. ಮಲೆನಾಡಿನ ಸೆರಗಿನಲ್ಲಿರುವ ಈ ತಾಲ್ಲೂಕುಗಳಲ್ಲಿ ಹಿಂದೆ ಮನೆಯೆಂದರೆ ಮಣ್ಣಿನ ಗೋಡೆ, ಮರದ ಕಂಬ ತೊಲೆಗಳು, ಮೇಲೆ ಹುಲ್ಲಿನದೋ ಅಡಕೆಯ ಸೋಗೆಯದೋ ಹೊದಿಕೆ. ಮಳೆಗಾಲದಲ್ಲಿ ಗೋಡೆ ನೆನೆದು ಕುಸಿಯುವ ಭಯ. ಬೇಸಗೆಯಲ್ಲಿ ಸೂರಿಗೆ ಕಿಡಿ ತಗಲುವ ಭಯ. ಮನೆಯ ಪಕ್ಕದಲ್ಲೇ ಹುಲ್ಲಿನ ಬಣವೆ, ಅದರಾಚೆ ನೆರೆಯವನ ಸೂರು. ಒಂದು ಮನೆಗೆ ಬಿದ್ದ ಬೆಂಕಿ ಕೇರಿಯನ್ನೇ ತಿನ್ನುವುದು ಅಪರೂಪವೇನೂ ಆಗಿರಲಿಲ್ಲ.

ಬೆಂಕಿಯ ಈ ಭಯ ನಮ್ಮ ದೇಶಕ್ಕೆ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ಬೇಸಗೆಯ ನಡುಹಗಲಿನಲ್ಲಿ ಒಲೆ ಹೊತ್ತಿಸಬಾರದು, ಮನೆಯಲ್ಲಿ ನೀರಿನ ಗಡಿಗೆಗಳು, ಏಣಿ, ಕೊಡಲಿ, ಕೊಕ್ಕೆ ಮೊದಲಾದುವು ಸಿದ್ಧವಾಗಿರಬೇಕು ಎಂದು ಅದು ವಿಧಿಸುತ್ತದೆ. ಬೆಂಕಿ ಬಿದ್ದ ಮನೆಯ ಕಡೆಗೆ ಓಡಿಹೋಗದ ಮನೆಯೊಡೆಯನಿಗೆ 12 ಪಣ, ಬಾಡಿಗೆದಾರನಿಗೆ 6 ಪಣ ದಂಡ. ಬೆಂಕಿಯನ್ನು ತಡೆಯುವ, ಆರಿಸುವ ವಿಚಾರವನ್ನು ಇಷ್ಟು ವಿವರವಾಗಿ ಹೇಳುವ ಆ ಅಧ್ಯಾಯವು, ಸುಟ್ಟುಹೋದ ಮನೆಯವನಿಗೆ ಮರಳಿ ಮನೆ ಹೇಗೆ ಬರಬೇಕೆಂಬ ವಿಚಾರಕ್ಕೆ ಹೋಗುವುದಿಲ್ಲ.

ಅದು ಹಳ್ಳಿಯ ಪಾಲಿನ ಕೆಲಸವಾಗಿತ್ತು. ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿಯನ್ನು ಎಲ್ಲರೂ ಬಲ್ಲರು. ಇಂದು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರುವುದು. ಮನೆ ಸುಟ್ಟವನಿಗೂ ಇದೇ ನ್ಯಾಯ ನಡೆಯುತ್ತಿತ್ತು. ಒಬ್ಬ ಬಿದಿರು ತಂದ, ಒಬ್ಬ ಹುಲ್ಲಿನ ಹೊರೆ ತಂದ, ಮತ್ತೊಬ್ಬ ಒಂದು ಕೊಳಗ ಅಕ್ಕಿ ಕೊಟ್ಟ. ಹತ್ತು ಜನ ಕೂಡಿ ಕೆಲವೇ ದಿನಗಳಲ್ಲಿ ಸೂರು ನಿಲ್ಲಿಸಿದರು. ಹಲವರ ಕೈಯಿಂದ ಸ್ವಲ್ಪ ಸ್ವಲ್ಪ ಸೇರಿ ಒಬ್ಬನ ದೊಡ್ಡ ನಷ್ಟ ತುಂಬುವುದೇ ವಿಮೆಯ ಮೂಲತತ್ವವಾದ್ದರಿಂದ, ಹೆಸರು ಇಲ್ಲದೆಯೇ ಇಲ್ಲಿ ವಿಮೆಯಿತ್ತು ಎನ್ನಬಹುದು. ಆದರೆ ಅದಕ್ಕೊಂದು ಮಿತಿಯಿತ್ತು. ಕೇರಿಗೆ ಕೇರಿಯೇ ಸುಟ್ಟರೆ, ಊರಿಗೆ ಊರೇ ನೀರಿನಲ್ಲಿ ನಿಂತರೆ, ಕೊಡುವ ಕೈ ಯಾವುದು? ನೆರೆಹೊರೆಯೊಡನೆ ಮನಸ್ತಾಪವಿದ್ದವನ ಪಾಡೇನು? ಎಲ್ಲರಿಗೂ ಒಂದೇ ಸಲ ಬರುವ ಆಪತ್ತಿನಲ್ಲಿ ಮುಯ್ಯಿ ನಡೆಯುವುದಿಲ್ಲ.

ಎರಡನೆಯ ಉತ್ತರವನ್ನು ಸೊರಬದ ಕಲ್ಲುಗಳು ಹೇಳುತ್ತವೆ. ಈ ತಾಲ್ಲೂಕಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ಣಾಟಿಕದ ಏಳನೆಯ ಎಂಟನೆಯ ಸಂಪುಟಗಳಲ್ಲಿ ಶಿಕಾರಿಪುರ, ಸೊರಬಗಳ ಶಾಸನಗಳು ತುಂಬಿವೆ. ತುರುಗೋಳ್ ಎಂದರೆ ದನಗಳ ಅಪಹರಣ, ಊರಳಿವು ಎಂದರೆ ಊರಿನ ನಾಶ. ಇಂಥ ಸಂದರ್ಭಗಳಲ್ಲಿ ಹೋರಾಡಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಅವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ರೂಢಿಯೂ ಕನ್ನಡ ನಾಡಿನಲ್ಲಿ ಇತ್ತು. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಎಂಬ ಶಬ್ದಗಳು ಅಂಥ ದತ್ತಿಗಳನ್ನು ಸೂಚಿಸುತ್ತವೆ. ಹೋದ ಜೀವ ಬಾರದು. ಆದರೆ ಅವನ ಸಂಸಾರ ಬೀದಿಗೆ ಬೀಳಬಾರದು ಎಂಬುದು ಅದರ ಉದ್ದೇಶ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಇನ್ನೂ ವಿಶಾಲವಾದ ಒಂದು ಏರ್ಪಾಡನ್ನು ಕಾಣುತ್ತೇವೆ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ಕುರುಡರು ಕುಂಟರು ದಿಕ್ಕಿಲ್ಲದವರಿಗೆ ಅನ್ನ ದೊರೆಯುವ, ರೋಗಿಗಳಿಗೆ ಚಿಕಿತ್ಸೆ ದೊರೆಯುವ, ಹೆದರಿ ಬಂದವರಿಗೆ ಅಭಯ ದೊರೆಯುವ ಸ್ಥಳವೆಂದು ಅದನ್ನು ಕೊಂಡಾಡುತ್ತದೆ. ಮನೆ ಕಳೆದುಕೊಂಡು ಬಂದವನಿಗೂ ಅಂಥ ಸ್ಥಳದಲ್ಲಿ ಒಂದು ಹೊತ್ತಿನ ಊಟಕ್ಕೆ ಕೊರತೆಯಾಗುತ್ತಿರಲಿಲ್ಲವೆಂದು ಊಹಿಸಬಹುದು.

ಧರ್ಮಶಾಸ್ತ್ರದಲ್ಲಿ ಇದಕ್ಕಿಂತ ಖಚಿತವಾದ ನಿಯಮವೊಂದಿದೆ. ಕಳ್ಳರು ಒಯ್ದ ಸೊತ್ತನ್ನು ಅರಸನು ಪ್ರಜೆಗೆ ತುಂಬಿಕೊಡಬೇಕು. ತನ್ನ ಎಲ್ಲೆಯೊಳಗೆ ಕಳವಾದರೆ ಆ ಗ್ರಾಮ ಹೊಣೆ ಹೊರಬೇಕು ಎಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಬನವಾಸಿ ನಾಡೂ ಅದರೊಳಗಿನ ಬಳ್ಳಿಗಾವೆಯೂ ಅದೇ ಅರಸನ ಆಳ್ವಿಕೆಗೆ ಸೇರಿದ್ದುವು. ಕಳವಿನ ನಷ್ಟಕ್ಕೆ ಅರಸು ಹೊಣೆ ಎಂಬ ವಿಚಾರ ಇಲ್ಲಿನವರಿಗೆ ಹೊಸದಲ್ಲವೆಂದಾಯಿತು.

ಆದರೂ ಈ ಏರ್ಪಾಡುಗಳಿಗೆಲ್ಲ ಒಂದು ಸಮಾನ ಲಕ್ಷಣವುಂಟು. ಇವುಗಳಲ್ಲಿ ಪರಿಹಾರದ ಮಾತು ಬರುವುದು ನಷ್ಟವಾದ ಮೇಲೆ. ಕೊಡಗೆಯ ಮೊತ್ತ ಕೊಡುವವನ ಮನಸ್ಸು, ಬೊಕ್ಕಸದ ಸ್ಥಿತಿ, ಕಾಲದ ಶಾಂತಿ ಇವುಗಳನ್ನು ಹೊಂದಿಕೊಂಡಿತ್ತು. ನಷ್ಟವಾಗುವ ಮೊದಲೇ ಇಷ್ಟು ಕೊಡುತ್ತೇನೆಂದು ಬರೆದುಕೊಡುವ ಕ್ರಮ ಮನೆಯ ಮಟ್ಟಿಗೆ ಹುಟ್ಟಿದ್ದು ಬಹಳ ದೂರದ ಒಂದು ಊರಿನಲ್ಲಿ.

1666ರಲ್ಲಿ ಲಂಡನ್ ನಗರಕ್ಕೆ ಬಿದ್ದ ಬೆಂಕಿಯಲ್ಲಿ 13,000ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದುವು. ಊರನ್ನು ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿದ್ದ ನಿಕೊಲಸ್ ಬಾರ್ಬನ್ ಎಂಬಾತನು 1680ರ ಸುಮಾರಿಗೆ ಮನೆಗಳಿಗೆ ಅಗ್ನಿವಿಮೆ ಮಾಡುವ ಕಚೇರಿಯನ್ನು ತೆರೆದನು. ಮನೆಯವನು ವರ್ಷಕ್ಕಿಷ್ಟೆಂದು ಕಟ್ಟುವುದು, ಮನೆ ಸುಟ್ಟರೆ ಕಚೇರಿ ಕಟ್ಟಿಸಿಕೊಡುವುದು. ಈ ವ್ಯವಹಾರ ವ್ಯಾಪಾರಿಗಳ ಹಿಂದೆಯೇ ನಮ್ಮ ದೇಶಕ್ಕೆ ಬಂದಿತು. 1850ರಲ್ಲಿ ಕಲ್ಕತ್ತೆಯಲ್ಲಿ ಟ್ರೈಟನ್ ವಿಮಾ ಕಂಪನಿ, 1907ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಮರ್ಕೆಂಟೈಲ್, 1919ರಲ್ಲಿ ದೊರಾಬ್ಜಿ ಟಾಟಾ ಅವರ ನ್ಯೂ ಇಂಡಿಯಾ ಸ್ಥಾಪನೆಯಾದುವು. 1938ರಲ್ಲಿ ವಿಮಾ ಕಾಯಿದೆ ಬಂತು.

ಆದರೆ ಬಂದರು, ಗೋದಾಮು, ಗಿರಣಿಗಳಿಗೆ ದೊರೆತ ಈ ರಕ್ಷೆ ಮಲೆನಾಡಿನ ಸೋಗೆಯ ಮನೆಯವರೆಗೆ ಬರಲಿಲ್ಲ. ಮೈಸೂರು ಸಂಸ್ಥಾನದ ಸರಕಾರ ತನ್ನ ನೌಕರರಿಗಾಗಿ 1891ರಲ್ಲಿಯೇ ವಿಮೆಯನ್ನು ಆರಂಭಿಸಿತ್ತು. ಅದು ಜೀವವಿಮೆ. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಇನ್ಶೂರೆನ್ಸ್ ಎಂಬ ಮಾತಿಗೆ ಜೀವವಿಮೆ ಎಂಬ ಅರ್ಥವೇ ನಿಂತಿತು. ಮನೆಯ ಅಪಾಯವನ್ನು ತಗ್ಗಿಸಿದ್ದು ವಿಮೆಗಿಂತ ಹೆಚ್ಚಾಗಿ ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು, ಕ್ರಮೇಣ ಹುಲ್ಲು ಸೋಗೆಗಳ ಜಾಗದಲ್ಲಿ ಕುಳಿತಿತು.

ರಕ್ಷೆಯಿಲ್ಲದ ಮನೆಯ ಕಥೆಯಲ್ಲಿ ಈಸೂರಿನದು ಎಲ್ಲಕ್ಕಿಂತ ಕಠಿಣವಾದುದು. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ 1942ರಲ್ಲಿ ತಾನು ಸ್ವತಂತ್ರವೆಂದು ಸಾರಿತು. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಪಡೆಗಳು ಊರನ್ನು ಹೊಕ್ಕುವು. ಜನ ಕಾಡಿಗೆ ಓಡಿದರು. ಮನೆಗಳು ಲೂಟಿಯಾದುವು, ಬೆಂಕಿಗೂ ತುತ್ತಾದುವು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಹುತಾತ್ಮರನ್ನು ನಾಡು ನೆನೆಯುತ್ತದೆ. ಅವರೊಡನೆ ಆ ಊರಿನ ಹೆಂಗಸರು ಮಕ್ಕಳು ಕಾಡಿನಿಂದ ಹಿಂದಿರುಗಿ ಬಂದಾಗ ಕಂಡ ಮನೆಗಳನ್ನೂ ನೆನೆಯಬೇಕು. ನೆರೆಹೊರೆಯೆಲ್ಲ ಒಟ್ಟಿಗೆ ಕೆಟ್ಟಿದ್ದರಿಂದ ಮುಯ್ಯಿ ನಡೆಯಲಿಲ್ಲ. ಅರಸು ತಾನೇ ಎದುರಾಳಿಯಾಗಿದ್ದರಿಂದ ಕೊಡಗೆಯ ಮಾತಿಲ್ಲ. ಕರಾರಿನ ರಕ್ಷೆ ಹಳ್ಳಿಯನ್ನು ಮುಟ್ಟಿಯೇ ಇರಲಿಲ್ಲ. ಮೂರು ಬಾಗಿಲುಗಳೂ ಒಮ್ಮೆಗೇ ಮುಚ್ಚಿದ್ದುವು.

ಸ್ವಾತಂತ್ರ್ಯಾನಂತರ ಸ್ಥಿತಿ ನಿಧಾನವಾಗಿ ಬದಲಾಯಿತು. 1972ರ ಕಾಯಿದೆಯಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ, 107 ಸಂಸ್ಥೆಗಳು ನಾಲ್ಕು ಕಂಪನಿಗಳಲ್ಲಿ ಸೇರಿದುವು. 1988ರ ಮೇ 1ರಂದು ಕೇಂದ್ರ ಸರಕಾರ ಗ್ರಾಮಾಂತರದ ಬಡವರಿಗಾಗಿ ಗುಡಿಸಲು ವಿಮಾ ಯೋಜನೆಯನ್ನು ಆರಂಭಿಸಿತು. ಕಂತನ್ನು ಸರಕಾರವೇ ಕಟ್ಟುವುದು. ಗುಡಿಸಲು ಬೆಂಕಿಗೆ ಹೋದರೆ ಅದಕ್ಕೆ 1,000 ರೂಪಾಯಿ, ಒಳಗಿನ ಸಾಮಾನಿಗೆ 500 ರೂಪಾಯಿ. ಮೊತ್ತ ಅಲ್ಪವೇ. ಆದರೂ ಹುಲ್ಲಿನ ಸೂರಿನ ಕೆಳಗಿದ್ದವನ ಹೆಸರಿನಲ್ಲಿ ಬರೆದ ಮೊದಲ ಕರಾರುಗಳಲ್ಲಿ ಅದೂ ಒಂದೆಂಬುದನ್ನು ಮರೆಯಲಾಗದು. 1999ರ ಕಾಯಿದೆಯಿಂದ ವಿಮೆಯ ನಿಯಂತ್ರಣಕ್ಕೆ ಪ್ರತ್ಯೇಕ ಪ್ರಾಧಿಕಾರ ಬಂದು, ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಆ ಪ್ರಾಧಿಕಾರದ ಆಜ್ಞೆಯಂತೆ 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿ ಜಾರಿಗೆ ಬಂದಿತು. ಕಂಪನಿ ಯಾವುದಾದರೂ ಅದರ ಮೂಲ ಷರತ್ತುಗಳು ಒಂದೇ. ಆದುದರಿಂದ ಅದನ್ನೇ ಹಿಡಿದು, ಗೃಹವಿಮೆ ಯಾವುದಕ್ಕೆ ಹೊಣೆ, ಯಾವುದಕ್ಕೆ ಅಲ್ಲ ಎಂಬುದನ್ನು ನೋಡಬಹುದು.

ಹೊಣೆಯ ಪಟ್ಟಿ ಸಣ್ಣದಲ್ಲ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ನೆಲ ಕುಸಿತ, ಗುಡ್ಡ ಜರಿತ, ಕಾಡ್ಗಿಚ್ಚು, ಮರವೋ ವಾಹನವೋ ಬಂದು ಬಡಿಯುವುದು, ನೀರಿನ ತೊಟ್ಟಿ ಅಥವಾ ಕೊಳವೆ ಒಡೆಯುವುದು, ದೊಂಬಿ, ಮುಷ್ಕರ, ಕೇಡು ಬಗೆದು ಮಾಡಿದ ಹಾನಿ, ಭಯೋತ್ಪಾದನೆ ಇವೆಲ್ಲ ಅದರೊಳಗೆ ಬರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ನೂರಕ್ಕೆ 20ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಮನೆಯೊಳಗಿನ ಸಾಮಾನಿಗೂ ರಕ್ಷೆ ದೊರೆಯುತ್ತದೆ. ಮನೆ ವಾಸಕ್ಕೆ ಬಾರದಂತಾದರೆ ಬೇರೆಡೆ ಬಾಡಿಗೆಗಿರುವ ಖರ್ಚಿಗೂ ಮಿತಿಯೊಳಗೆ ಅವಕಾಶವುಂಟು. ಬಾಡಿಗೆ ಮನೆಯಲ್ಲಿರುವವರು ತಮ್ಮ ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು.

ಹೊಣೆಯಿಲ್ಲದ ಕಡೆಗಳನ್ನು ಇದಕ್ಕಿಂತ ಜಾಗರೂಕತೆಯಿಂದ ಓದಬೇಕು. ಮೊದಲನೆಯದು ಕಳವು. ಮೇಲೆ ಹೇಳಿದ ಯಾವುದಾದರೊಂದು ಆಪತ್ತು ನಡೆದು, ಅದರ ಕಾರಣದಿಂದ ಏಳು ದಿನಗಳೊಳಗೆ ಕಳವಾದರೆ ಮಾತ್ರ ಈ ಪಾಲಿಸಿ ಹಣ ಕೊಡುತ್ತದೆ. ಸಾಮಾನ್ಯ ದಿನದಲ್ಲಿ ಕಳ್ಳ ಕನ್ನ ಹಾಕಿದರೆ ಕೊಡುವುದಿಲ್ಲ; ಅದಕ್ಕೆ ಬೇರೆ ವಿಮೆ ಬೇಕು. ಸ್ಮೃತಿಕಾರರು ಅರಸನ ತಲೆಗೆ ಕಟ್ಟಿದ ಕಳವಿನ ಹೊಣೆಯನ್ನು ಇಂದಿನ ಮೂಲ ಪಾಲಿಸಿ ಹೊರುವುದಿಲ್ಲವೆಂಬುದು ಗಮನಿಸತಕ್ಕದ್ದು. ಒಡವೆ ಮೊದಲಾದ ಬೆಲೆಬಾಳುವ ವಸ್ತುಗಳನ್ನು ಹೆಚ್ಚಿನ ಕಂತು ಕೊಟ್ಟು ಬೇರೆಯಾಗಿ ಸೇರಿಸಬೇಕು. ನಾಣ್ಯ, ದಾಖಲೆ ಪತ್ರ, ವಾಹನಗಳು ಸೇರುವುದಿಲ್ಲ. ಯುದ್ಧ, ಪರಮಾಣು ವಿಕಿರಣ, ಒಡೆಯನೇ ಬೇಕೆಂದು ಮಾಡಿದ ಹಾನಿ ಇವುಗಳಿಗೂ ಹೊಣೆಯಿಲ್ಲ.

ಮಲೆನಾಡಿನವರು ಮುಖ್ಯವಾಗಿ ತಿಳಿಯಬೇಕಾದದ್ದು ಸವಕಳಿಯ ವಿಚಾರ. ಗೆದ್ದಲು ತಿಂದ ತೊಲೆ, ವರ್ಷಗಟ್ಟಲೆ ಸೋರಿ ಮೆತ್ತಗಾದ ಗೋಡೆ, ಹೊಸ ಕಟ್ಟಡ ಕೂತಾಗ ಬಿಡುವ ಸೀಳು ಇವು ಆಪತ್ತುಗಳ ಲೆಕ್ಕಕ್ಕೆ ಬರುವುದಿಲ್ಲ. ಮನೆಯವನು ನೋಡಿಕೊಳ್ಳಬೇಕಾದ ದುರಸ್ತಿ ಎನಿಸುತ್ತವೆ. ಬಿರುಗಾಳಿಗೆ ಹೆಂಚು ಹಾರಿ ಗೋಡೆ ಬಿದ್ದರೆ ಒಂದು ಮಾತು. ಗಾಳಿಯಿಲ್ಲದ ಜಡಿಮಳೆಯಲ್ಲಿ ಹಳೆಯ ಮಣ್ಣಿನ ಗೋಡೆ ತಾನಾಗಿ ಕುಸಿದರೆ ಇನ್ನೊಂದು ಮಾತು. ಎರಡನೆಯದರಲ್ಲಿ ವಾದ ಹುಟ್ಟುವುದು ಸಹಜ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿ, ಗೋಡೆಯ ಛಾಯಾಚಿತ್ರ ತೆಗೆದಿಟ್ಟುಕೊಂಡವನಿಗೆ ತನ್ನ ಪಕ್ಷವನ್ನು ಹೇಳುವುದು ಸುಲಭವಾಗುತ್ತದೆ.

ಇನ್ನೊಂದು, ಮನೆ ಮತ್ತು ದಂಧೆಯ ಎಲ್ಲೆ. ಅಟ್ಟದ ಮೇಲೆ ಮಾರಾಟಕ್ಕಿಟ್ಟ ಅಡಕೆಯ ಮೂಟೆ, ಸೊರಬದ ಗುಡಿಗಾರರ ಮನೆಯಲ್ಲಿ ಕೆತ್ತನೆಗೆಂದು ಕೂಡಿಟ್ಟ ಗಂಧದ ಮರ, ಇವು ಮನೆಯೊಳಗಿದ್ದರೂ ಗೃಹೋಪಯೋಗದ ಸಾಮಾನಲ್ಲ. ಇಂಥ ಸರಕಿಗೆ ಸಣ್ಣ ಉದ್ಯಮಗಳಿಗೆಂದೇ 2021ರಲ್ಲಿ ಬಂದ ಬೇರೆ ಪಾಲಿಸಿಯುಂಟು. ದನದ ಕೊಟ್ಟಿಗೆ, ಹುಲ್ಲಿನ ಬಣವೆಗಳ ವಿಚಾರವನ್ನು ಪಾಲಿಸಿ ತೆಗೆದುಕೊಳ್ಳುವಾಗಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು.

ಈಸೂರಿನ ಪ್ರಶ್ನೆಗೆ ಇಲ್ಲಿ ಮತ್ತೆ ಬರಬೇಕಾಗುತ್ತದೆ. ದೊಂಬಿಯ ಹಾನಿಗೆ ಹೊಣೆಯುಂಟೆಂದು ಪಾಲಿಸಿ ಹೇಳುತ್ತದೆ. ಅದರ ಜೊತೆಯಲ್ಲೇ, ಸರಕಾರದ ಅಥವಾ ಕಾನೂನುಬದ್ಧ ಅಧಿಕಾರಿಯ ಆಜ್ಞೆಯಿಂದಾದ ಜಪ್ತಿ, ವಶ, ನಾಶಗಳಿಗೆ ಹೊಣೆಯಿಲ್ಲವೆಂದೂ ಹೇಳುತ್ತದೆ. ಜನರ ಗುಂಪು ಸುಟ್ಟ ಮನೆಗೆ ಹಣ ಬರಬಹುದು. ಆಜ್ಞೆಯಿಂದ ನೆಲಸಮವಾದ ಮನೆಗೆ ಬಾರದು. ಅದರ ನ್ಯಾಯಕ್ಕೆ ನ್ಯಾಯಾಲಯವೇ ಗತಿ. ಪ್ರಜೆ ಮತ್ತು ಪ್ರಭುತ್ವದ ನಡುವಣ ವ್ಯಾಜ್ಯವನ್ನು ವಿಮೆ ತನ್ನ ಮೇಲೆ ಹಾಕಿಕೊಳ್ಳುವುದಿಲ್ಲ.

ಇನ್ನು ಮೊತ್ತದ ಲೆಕ್ಕ. ನಿವೇಶನದ ಬೆಲೆ ಇದರಲ್ಲಿ ಸೇರದು, ಏಕೆಂದರೆ ನೆಲ ಸುಡುವುದಿಲ್ಲ. ಗೋಡೆಗಳೊಳಗಿನ ನೆಲದಳತೆಯನ್ನು ಈಗಿನ ಕಟ್ಟುವ ಖರ್ಚಿನಿಂದ ಗುಣಿಸಬೇಕು. ಉದಾಹರಣೆಗೆ 800 ಚದರ ಅಡಿ, ಅಡಿಗೆ 1,800 ರೂಪಾಯಿಯಂತೆ 14,40,000 ರೂಪಾಯಿ. ಹಿಂದಿನ ಪಾಲಿಸಿಗಳಲ್ಲಿ, 10 ಲಕ್ಷದ ಮನೆಗೆ 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 2 ಲಕ್ಷದ ನಷ್ಟವಾದರೆ, ಅರ್ಧವೇ ರಕ್ಷೆಯೆಂದು ಒಂದು ಲಕ್ಷವನ್ನೇ ಕೊಡುತ್ತಿದ್ದರು. ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನು ಬಿಟ್ಟಿದ್ದಾರೆ. ಆದರೂ ವಿಮೆಯ ಮೊತ್ತಕ್ಕಿಂತ ಹೆಚ್ಚು ಬಾರದು. ಮನೆ ಸಾಲದ ಜೊತೆಯಲ್ಲಿ ಬ್ಯಾಂಕಿನ ಹೆಸರೂ ಸೇರಿಸಿ ಮಾಡಿಸಿದ ವಿಮೆಯಾದರೆ, ಹಣ ಮೊದಲು ಸಾಲದ ಬಾಕಿಗೆ ಹೋಗುವುದೆಂಬುದನ್ನೂ ತಿಳಿದಿರಬೇಕು.

ಸರಕಾರದ ಪರಿಹಾರವಿರುವಾಗ ವಿಮೆಯೇಕೆ ಎಂದು ಕೆಲವರು ಕೇಳುವುದುಂಟು. 2019ರ ಆಗಸ್ಟಿನ ನೆರೆಯ ಬಳಿಕ ಕರ್ನಾಟಕ ಸರಕಾರ ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸಾರಿತು. 2022ರಲ್ಲಿ ಹೊರಟ ಕೇಂದ್ರದ ವಿಪತ್ತು ನಿಧಿಯ ನಿಯಮದಲ್ಲಿ ಬಯಲುಸೀಮೆಯ ಅಂಥ ಮನೆಗೆ ಗೊತ್ತು ಮಾಡಿದ್ದು 1,20,000 ರೂಪಾಯಿ. ಒಂದು ನಷ್ಟಕ್ಕೂ ಇನ್ನೊಂದು ನಷ್ಟಕ್ಕೂ ಇರುವ ಈ ಅಂತರವೇ ಪರಿಹಾರದ ಸ್ವಭಾವವನ್ನು ತೋರಿಸುತ್ತದೆ. ಅದು ಹಳೆಯ ಕೊಡಗೆಯ ವಂಶಕ್ಕೆ ಸೇರಿದ್ದು. ಬಡವನಿಗೆ ಅದು ಬೇಕೇ ಬೇಕು. ಆದರೆ ಎಷ್ಟು, ಎಂದು, ಯಾರಿಗೆ ಎಂಬುದನ್ನು ಆಯಾ ವರ್ಷದ ಆಜ್ಞೆ ತೀರ್ಮಾನಿಸುತ್ತದೆ. ನಡುರಾತ್ರಿ ಒಂದೇ ಮನೆಗೆ ಬೆಂಕಿ ಬಿದ್ದಾಗ ನಾಡಿಗೆ ನಾಡೇ ತಿರುಗಿ ನೋಡುವುದಿಲ್ಲ. ಪಾಲಿಸಿ ಪತ್ರವಾದರೋ ಒಂಟಿ ಮನೆಯವನ ಕೈಯಲ್ಲಿರುವ ಹಕ್ಕು.

ಹಕ್ಕನ್ನು ಪಡೆಯುವುದಕ್ಕೂ ಕ್ರಮವುಂಟು. ನಷ್ಟವಾದ ಕೂಡಲೆ ಕಂಪನಿಗೆ ತಿಳಿಸಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳಕ್ಕೂ, ದೊಂಬಿ ಕಳವುಗಳಾದರೆ ಪೋಲೀಸರಿಗೂ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು. ಕಂಪನಿಯ ಸರ್ವೇಯರ್ ಬಂದು ನೋಡುವ ಮೊದಲು ಅವಶೇಷವನ್ನು ಸಾಗಿಸಬಾರದು. ಪಾಲಿಸಿಯ ಒಂದು ಪ್ರತಿ ಮನೆಯ ಹೊರಗೆ, ನಂಟರ ಮನೆಯಲ್ಲೋ ಬ್ಯಾಂಕಿನಲ್ಲೋ ಇರಲಿ. ಮನೆಯೊಡನೆ ಪಾಲಿಸಿಯೂ ಸುಟ್ಟರೆ ಓಡಾಟ ಹೆಚ್ಚು. ಕಂಪನಿ ನಿರಾಕರಿಸಿದರೆ, ಅಥವಾ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆದುಕೊಳ್ಳಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಹಿಂದೆ ಊರಿನವರು ದತ್ತಿಯ ಷರತ್ತುಗಳನ್ನು ಕಲ್ಲಿನಲ್ಲಿ ಬರೆಸಿ ದೇವಾಲಯದ ಮುಂದೆ ನಿಲ್ಲಿಸುತ್ತಿದ್ದರು. ಭೂಮಿಯ ಎಲ್ಲೆಯೆಷ್ಟು, ಹೊಣೆ ಯಾರದು ಎಂಬುದು ಅದರಲ್ಲಿರುತ್ತಿತ್ತು. ಓದು ಬಾರದವನಿಗೂ ಊರಿನಲ್ಲಿ ಯಾರೋ ಓದಿ ಹೇಳುತ್ತಿದ್ದರು. ಪಾಲಿಸಿಯ ಸಣ್ಣ ಅಕ್ಷರಗಳಿಗೆ ಅಂಥ ಓದುಗರು ಇನ್ನೂ ಸಾಲದು. ಗ್ರಂಥಾಲಯದಲ್ಲೋ ಸಹಕಾರ ಸಂಘದ ಜಗಲಿಯಲ್ಲೋ ತಿಳಿದವರೊಬ್ಬರು ಒಂದು ಸಂಜೆ ಕುಳಿತು, ಹತ್ತು ಮನೆಯವರಿಗೆ ಈ ಪತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅದೂ ಒಂದು ಮುಯ್ಯಿಯೇ. ಮಳೆಗಾಲ ಹಿಡಿಯುವ ಮೊದಲೇ ಆ ಕೆಲಸ ಆಗುವುದೊಳ್ಳೆಯದು.